ದುರ್ಗದ ಬೈಲಿನ ಉತ್ತತ್ತಿ ಅಂಗಡಿ: ಎಲ್ಲಿಯ ಮಾಲು ಅಂತ ಹೇಳಿ ಮಾರುವವರು

ಅಂಟಿನ ಉಂಡಿ ಸಾಮಾನಿಗೆ ಹುಬ್ಬಳ್ಳಿಯಲ್ಲಿ ನಾನು ಹೋಗುವುದು ದುರ್ಗದ ಬೈಲಿನ ಈ ಹಳೇ ಅಂಗಡಿಗೇ. ಮಗಳ ಬಾಣಂತನಕ್ಕೂ ಇಲ್ಲಿಂದಲೇ ತಂದೆ. ಅಂಟಿನಲ್ಲಿ ಕಸಕಡ್ಡಿ ಇಲ್ಲ, ತುಪ್ಪದಲ್ಲಿ ಚೆನ್ನಾಗಿ ಅರಳುತ್ತದೆ. ಕೊಬ್ಬರಿಗೆ ಮುಗ್ಗು ವಾಸನೆ ಇಲ್ಲ. ಗಸಗಸೆ ಮಾತ್ರ ಸ್ವಲ್ಪ ತುಟ್ಟಿ.

ಉತ್ತತ್ತಿಯ ಬಗ್ಗೆ ಜಾಸ್ತಿ ಹೇಳಬೇಕು. ಮೊದಲು ಸಿಗುತ್ತಿದ್ದದ್ದು ಪಾಕಿಸ್ತಾನದ ಮಾಲು. ಸಿಂಧ್‌ನ ಖೈರ್‌ಪುರ, ಸಕ್ಕರ್ ಕಡೆ ಬೆಳೆದು ಅಟ್ಟಾರಿ ಗಡಿ ದಾಟಿ ಬರುತ್ತಿತ್ತು. ದಪ್ಪ, ಒಳ್ಳೇ ಸಿಹಿ, ಕುಟ್ಟಿದರೆ ಬೇಗ ಪುಡಿಯಾಗುತ್ತಿತ್ತು. ಈಗ ಇರುವುದು ಒಮಾನಿನದು. ಮಾಲೀಕರು ತಾವಾಗಿಯೇ ಹೇಳಿದರು: "ಅಕ್ಕಾರ, ಇದು ಮೊದಲಿನ ಮಾಲಲ್ರಿ, ಮಸ್ಕತ್ ಕಡಿಂದ ಬಂದದ್ದು. ಒಂದು ತಿಂದು ನೋಡ್ರಿ, ಆಮ್ಯಾಲೆ ತೂಕ ಮಾಡಸ್ರಿ." ಸಿಹಿ ಇದೆ, ಆದರೆ ಬಿರುಸು. ಮಿಕ್ಸಿಗೆ ಹಾಕುವ ಮೊದಲು ಬಿಸಿಲಿಗೆ ಒಣಗಿಸಬೇಕಾಯಿತು.

ಇದಕ್ಕೆ ಅಂಗಡಿಯವರು ಏನು ಮಾಡಿಯಾರು? ದಕ್ಷಿಣ ಏಷ್ಯಾದ ದೇಶಗಳು ತಮ್ಮೊಳಗೆ ಸುಂಕ ಇಳಿಸಿಕೊಳ್ಳಬೇಕು ಅಂತ 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಾಫ್ಟಾ ಒಪ್ಪಂದಕ್ಕೆ ಸಹಿ ಹಾಕಿದವು. 2006ರಲ್ಲಿ ಜಾರಿಗೂ ಬಂತು. ಭಾರತ-ಪಾಕಿಸ್ತಾನದ ಜಗಳ ಅದನ್ನು ಬೆಳೆಯಲು ಬಿಡಲಿಲ್ಲ. ಭಾರತ 1996ರಲ್ಲೇ ಪಾಕಿಸ್ತಾನಕ್ಕೆ ಪರಮಾಪ್ತ ರಾಷ್ಟ್ರದ ಸ್ಥಾನ, ಅಂದರೆ ಬೇರೆ ದೇಶಗಳ ಮಾಲಿಗಿಂತ ಹೆಚ್ಚು ಸುಂಕ ಹಾಕುವುದಿಲ್ಲ ಅನ್ನುವ ಮಾತು, ಕೊಟ್ಟಿತ್ತು. ಅವರು ನಮಗೆ ಕೊಡಲೇ ಇಲ್ಲ. ಅಟ್ಟಾರಿಯ ಆಚೆ ಬದಿಯ ವಾಘಾ ರಸ್ತೆಯಲ್ಲಿ ನಮ್ಮ 137 ಬಗೆಯ ಸರಕನ್ನಷ್ಟೇ ಒಳಗೆ ಬಿಟ್ಟರು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯಾದ ಮೇಲೆ ಭಾರತ ಆ ಸ್ಥಾನ ಹಿಂತೆಗೆದು, ಅಲ್ಲಿನ ಮಾಲಿಗೆ 200% ಸುಂಕ ಹಾಕಿತು. ಪಹಲ್ಗಾಮ್ ದಾಳಿಯ ನಂತರ, 2025ರ ಮೇ ತಿಂಗಳಲ್ಲಿ, ಆಮದು ಪೂರ್ತಿ ಬಂದ್. ಬೇರೆ ದೇಶ ಸುತ್ತಿ ಬರುವ ಮಾಲಿಗೂ ತಡೆ.

ಹೋದ ಜೀವಗಳ ಮುಂದೆ ಉತ್ತತ್ತಿ ಯಾವ ಲೆಕ್ಕ? ಆ ತಡೆ ಸರಿ ಅಂತಲೇ ನನ್ನ ಅಭಿಪ್ರಾಯ. ನನಗೆ ಬೇಜಾರು ನೇಪಾಳ, ಭೂತಾನ್, ಶ್ರೀಲಂಕಾದಂಥ ಚಿಕ್ಕ ದೇಶಗಳ ಬಗ್ಗೆ. ಇಬ್ಬರ ಜಗಳದಲ್ಲಿ ಅವರ ಕೆಲಸವೂ ನಿಂತಿತು ಅಲ್ವಾ? 2014ರಲ್ಲಿ ಕಠ್ಮಂಡುವಿನಲ್ಲಿ ಸೇರಿದ್ದೇ ಕೊನೆ, ಆಮೇಲೆ ದಕ್ಷಿಣ ಏಷ್ಯಾದ ಈ ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆ ಆಗಿಲ್ಲ.

ಇನ್ನೊಂದು ಅಂಗಡಿಯಲ್ಲಿ ಉತ್ತತ್ತಿ ಎಲ್ಲಿಯದು ಅಂತ ಕೇಳಿದೆ. "ಎಲ್ಲಾ ಒಂದೇ ರೀ" ಅಂದು ಸುಮ್ನೆ ಕಟ್ಟಿಕೊಟ್ಟರು. ಇಲ್ಲಿ ಚೀಲದ ಮೇಲೆ ದೇಶ, ದರ ಎರಡೂ ಬರೆದಿರುತ್ತಾರೆ. ಬೀಜ ತೆಗೆದೂ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು. ಬೆಳಿಗ್ಗೆಯೇ ಹೋಗಿ. ಸಂಜೆ ತಿಂಡಿ ಗಾಡಿಗಳು ಬಂದ ಮೇಲೆ ಸ್ಕೂಟರ್ ನಿಲ್ಲಿಸಲೂ ಜಾಗ ಇರುವುದಿಲ್ಲ.