ಎಂ.ಎ. ಅರ್ಥಶಾಸ್ತ್ರ: ಬಳ್ಳಾರಿಯೋ, ರಾಯಚೂರೋ?

ಎರಡೂ ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಗಳೇ. ಬಳ್ಳಾರಿಯದು 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ. ಆಯಿತು, ರಾಯಚೂರಿನದು ಅದಕ್ಕಿಂತ ಹತ್ತು ವರ್ಷದಷ್ಟು ಕಿರಿಯದು. ಎಂ.ಎ. ಮುಗಿಸಿ ಕೆಲಸ ಹುಡುಕುವವರಿಗೆ ಇದು ಅಷ್ಟು ಮುಖ್ಯವಲ್ಲ. ಪಿಎಚ್.ಡಿ. ಮನಸ್ಸಿದ್ದವರಿಗೆ ಮುಖ್ಯ.

ಯಾಕೆಂದರೆ ಹೊಸ ವಿ.ವಿ.ಯಲ್ಲಿ ಕಾಯಂ ಬೋಧಕರು ಕಡಿಮೆ ಇರಬಹುದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಂತೆ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗಷ್ಟೇ ಮಾರ್ಗದರ್ಶಕರಾಗಬಹುದು. ಅತಿಥಿ ಉಪನ್ಯಾಸಕರು ಎಷ್ಟೇ ಚೆನ್ನಾಗಿ ಪಾಠ ಮಾಡಲಿ, ಈ ಲೆಕ್ಕಕ್ಕೆ ಬರುವುದಿಲ್ಲ. ಕಾಯಂ ಬೋಧಕರು ಎಷ್ಟು, ಅವರಲ್ಲಿ ಸೀಟು ಖಾಲಿ ಇದೆಯೇ ಎಂದು ಎರಡೂ ಕಡೆ ನೇರವಾಗಿ ಕೇಳಿ. ಅವರ ವಿದ್ಯಾರ್ಥಿಗಳ ಪ್ರಬಂಧಗಳನ್ನು ಶೋಧಗಂಗಾ ತಾಣದಲ್ಲಿ ಹುಡುಕಿ, ಒಂದೆರಡಾದರೂ ಓದಿ. ವಿಭಾಗದ ಸನ್ಮಾನದ ಫೋಟೊಗಳಿಗಿಂತ ನನಗೆ ಅದೇ ನಿಜವಾದ ಸಾಧನೆ.

ಇನ್ನು ವಿಷಯ. ಗಣಿಗಾರಿಕೆ, 2011ರ ಸುಪ್ರೀಂ ಕೋರ್ಟ್ ನಿಷೇಧದ ನಂತರದ ಸಂಡೂರು, ಜೀನ್ಸ್ ಹೊಲಿಯುವ ಸಣ್ಣ ಘಟಕಗಳು ಬೇಕಿದ್ದರೆ ಬಳ್ಳಾರಿಯೇ ಸರಿ. ಆದರೆ ಕೃಷಿ ಅರ್ಥಶಾಸ್ತ್ರ ಹಿಡಿಸಿದವರಿಗೆ ನಾನು ರಾಯಚೂರನ್ನೇ ಹೇಳುತ್ತೇನೆ: ಭತ್ತ, ಹತ್ತಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ರೈತರ ನೀರಿನ ಪಾಡು, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು. ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳದವರಿಗೆ ರೈಲಿನಲ್ಲಿ ಬಳ್ಳಾರಿ ಸುಲಭ.