ಯುಕೆ ಸ್ಪೌಸ್ ವೀಸಾ: ಏಜೆಂಟ್ ಕಾರ್ಡ್‌ನಲ್ಲಿ ಫೀಸ್ ಕಟ್ಟಿಸಬೇಡಿ, ದಯವಿಟ್ಟು

ಗಂಡನೋ ಹೆಂಡತಿಯೋ ಯುಕೆಯಲ್ಲಿದ್ದು, ಸ್ಪೌಸ್ ವೀಸಾಗೆ ಏಜೆಂಟ್ ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ. ಫೀಸ್ ನಿಮ್ಮ ಕಾರ್ಡ್‌ನಿಂದಲೇ ಹೋಗಲಿ. ಅರ್ಜಿಯಲ್ಲಿರುವ ಇಮೇಲ್ ನಿಮ್ಮದೇ ಆಗಿರಲಿ. ಈ ಎರಡು ಅವನ ಕೈಗೆ ಹೋದರೆ ನಿಮ್ಮ ವೀಸಾನೂ ಅವನ ಕೈಲಿ, ನಿಮ್ಮ ದುಡ್ಡೂ ಅವನ ಕೈಲಿ. ನಮಗೆ ಆಗಿದ್ದು ಅದೇ. ಇದನ್ನು ಬರೆಯುವಾಗಲೂ ಸಿಟ್ಟಿಗೆ ಕೈ ನಡುಗುತ್ತಿದೆ.

ನಮ್ಮದು ಕಷ್ಟದ ಕೇಸೇ ಅಲ್ಲ. ನನ್ನ ಗಂಡ ಬ್ರಿಟಿಷ್ ಪ್ರಜೆ. ಅವರ ಸಂಬಳ ವರ್ಷಕ್ಕೆ 29,000 ಪೌಂಡ್‌ಗಿಂತ ಜಾಸ್ತಿಯೇ ಇದೆ. 2024ರ ಏಪ್ರಿಲ್‌ನಲ್ಲಿ ಈ ವೀಸಾಗೆ ಬೇಕಾದ ಕನಿಷ್ಠ ಸಂಬಳದ ಮಿತಿಯನ್ನು 18,600ರಿಂದ ಒಂದೇ ಸಲ ಅಷ್ಟಕ್ಕೆ ಏರಿಸಿದರಲ್ಲ, ಎಷ್ಟೋ ಜನ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ನಮಗೆ ಆ ತೊಂದರೆಯೂ ಇರಲಿಲ್ಲ. ಮದುವೆ ರಿಜಿಸ್ಟರ್ ಆಗಿತ್ತು. ಆರು ತಿಂಗಳ ಪೇ ಸ್ಲಿಪ್, ಅದಕ್ಕೆ ಹೊಂದುವ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ, ಮನೆಯ ಕರಾರು, ನನಗೆ ಟಿಬಿ ಇಲ್ಲ ಎಂಬ ಸರ್ಟಿಫಿಕೇಟ್, ಎಲ್ಲ ಸಿದ್ಧವಾಗಿತ್ತು. ಇಷ್ಟು ನೆಟ್ಟಗಿದ್ದ ಕೇಸನ್ನು ಒಬ್ಬ ಹಾಳು ಮಾಡಿದನಲ್ಲ ಅನ್ನುವುದೇ ಸಂಕಟ.

ಈ ಏಜೆಂಟ್ ನಮ್ಮ ನೆಂಟರ ಮಗನಿಗೆ ಸ್ಟೂಡೆಂಟ್ ವೀಸಾ ಮಾಡಿಸಿಕೊಟ್ಟಿದ್ದ. ಹುಡುಗ ಆರಾಮಾಗಿ ಹೋಗಿ ಓದುತ್ತಿದ್ದಾನೆ. ಹಾಗಾಗಿ ಎಲ್ಲರೂ ಅವನ ಹೆಸರನ್ನೇ ಹೇಳಿದರು. ದೊಡ್ಡ ಆಫೀಸು, ಗೋಡೆ ತುಂಬ ಪಾಸ್‌ಪೋರ್ಟ್ ಹಿಡಿದು ನಗುತ್ತಿರುವವರ ಫೋಟೋ. ಆದರೆ ಸ್ಟೂಡೆಂಟ್ ವೀಸಾ ಬೇರೆ, ಸ್ಪೌಸ್ ವೀಸಾ ಬೇರೆ. ಅವನಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. "ನೂರಾರು ಸ್ಪೌಸ್ ಕೇಸ್ ಮಾಡಿದೀವಿ ಮೇಡಂ, ನೀವು ಟೆನ್ಷನ್ ತಗೋಬೇಡಿ" ಎಂದ.

ಮೊದಲ ದಿನವೇ ನನಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಎನ್ನುವ ಇಂಗ್ಲಿಷ್ ಪರೀಕ್ಷೆ ಬುಕ್ ಮಾಡಿಸಿದ. ಕೋಚಿಂಗ್ ಕೂಡ ಅವನದೇ ಸೆಂಟರ್‌ನಲ್ಲಿ, ಅದಕ್ಕೆ ಬೇರೆ ಫೀಸ್. ಒಳ್ಳೆ ಸ್ಕೋರ್ ಬಂತು. ಈಗ ಕೇಳಿ. ಸ್ಪೌಸ್ ವೀಸಾಗೆ ಬೇಕಿರುವುದು ಎ1 ಮಟ್ಟ, ಅಂದರೆ ಇಂಗ್ಲಿಷ್‌ನಲ್ಲಿ ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದು, ಅದೂ ತೀರಾ ಸರಳ ಮಟ್ಟದಲ್ಲಿ. ಆದರೆ ಅದು ಹೋಮ್ ಆಫೀಸ್ (ಯುಕೆಯ ಗೃಹ ಇಲಾಖೆ) ಒಪ್ಪಿದ ಪರೀಕ್ಷೆಯೇ ಆಗಿರಬೇಕು. ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ನಡೆಯುತ್ತದೆ. 'ಐಇಎಲ್‌ಟಿಎಸ್ ಫಾರ್ ಯುಕೆವಿಐ' ನಡೆಯುತ್ತದೆ. ಸಾದಾ ಐಇಎಲ್‌ಟಿಎಸ್ ನಡೆಯುವುದಿಲ್ಲ, ಸ್ಕೋರ್ ಎಷ್ಟೇ ಇರಲಿ. ವಿದ್ಯಾರ್ಥಿಗಳಿಗೆ ಎಷ್ಟೋ ಯೂನಿವರ್ಸಿಟಿಗಳು ಸಾದಾ ಪರೀಕ್ಷೆಯನ್ನೇ ಒಪ್ಪಿಕೊಳ್ಳುತ್ತವೆ. ಇವನು ಅದನ್ನೇ ತಂದು ನನ್ನ ಅರ್ಜಿಗೆ ಅಂಟಿಸಿದ.

ಇನ್ನೊಂದು ಹೊಟ್ಟೆ ಉರಿಯುವ ವಿಷಯ. ನಾನು ಇಂಜಿನಿಯರಿಂಗ್ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಡಿಗ್ರಿ ಯುಕೆಯ ಡಿಗ್ರಿ ಮಟ್ಟಕ್ಕೆ ಸಮ, ಇಂಗ್ಲಿಷ್‌ನಲ್ಲೇ ಕಲಿಸಿದ್ದಾರೆ ಅಂತ ಎಕ್ಟಿಸ್ ಎನ್ನುವ ಸಂಸ್ಥೆಯಿಂದ ದೃಢೀಕರಣ ತಂದರೆ ಪರೀಕ್ಷೆಯೇ ಬೇಡ. ಅವನು ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕೋಚಿಂಗ್ ಫೀಸ್ ಹೋಗುತ್ತಿತ್ತಲ್ಲ.

ಆನ್‌ಲೈನ್ ಅರ್ಜಿಯನ್ನು ಅವರ ಆಫೀಸಿನ ಹುಡುಗಿ ತುಂಬಿದಳು. ಇಮೇಲ್ ಅವರದು, ಪಾಸ್‌ವರ್ಡ್ ಅವರದು. ನನ್ನ ಇಮೇಲ್ ಹಾಕಿ ಎಂದು ಕೇಳಿದೆ. "ಕ್ಲೈಂಟ್ಸ್ ಮೇಲ್ ನೋಡೋದೇ ಇಲ್ಲ ಮೇಡಂ, ಮಿಸ್ ಆದ್ರೆ ನಮ್ಮ ಹೆಸರು ಹಾಳು" ಎಂದ. ಹಣ ಕಟ್ಟುವಾಗಲೂ ಇದೇ ಕಥೆ. ನನ್ನ ಗಂಡ ಅಲ್ಲಿಂದಲೇ ತಮ್ಮ ಕಾರ್ಡ್‌ನಲ್ಲಿ ಕಟ್ಟುತ್ತೇನೆ ಎಂದರು. "ಬೇರೆ ದೇಶದ ಕಾರ್ಡ್ ಆದ್ರೆ ಪೇಮೆಂಟ್ ಫೇಲ್ ಆಗತ್ತೆ ಸರ್, ನೀವು ನಮಗೆ ರೂಪಾಯಿಯಲ್ಲಿ ಹಾಕಿ, ನಾವು ಕಟ್ತೀವಿ" ಎಂದ. ಸುಳ್ಳು. ಅಪ್ಪಟ ಸುಳ್ಳು. ಯಾರ ಕಾರ್ಡ್‌ನಿಂದ ಬೇಕಾದರೂ ಕಟ್ಟಬಹುದು.

ಮೊತ್ತ ಎಷ್ಟು ಅಂತ ನೋಡಿ. ನಾವು ಕಟ್ಟಿದಾಗ ವೀಸಾ ಫೀಸ್ 1,938 ಪೌಂಡ್ ಇತ್ತು, 2025ರ ಏಪ್ರಿಲ್‌ನಲ್ಲಿ ಏರಿಸಿದ ದರ. ಅದರ ಮೇಲೆ ಹೆಲ್ತ್ ಸರ್ಚಾರ್ಜ್ (ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಗೆ ಮುಂಗಡವಾಗಿ ಕಟ್ಟುವ ಹಣ), ವರ್ಷಕ್ಕೆ 1,035 ಪೌಂಡ್. ವೀಸಾ ಇರುವುದು 33 ತಿಂಗಳಿಗೆ, ಆದರೆ ಲೆಕ್ಕ ಹಾಕುವುದು ಮೂರು ವರ್ಷಕ್ಕೆ. ಒಟ್ಟು 3,105 ಪೌಂಡ್. ಅಂದರೆ ವೀಸಾ ಫೀಸಿಗಿಂತ ಸರ್ಚಾರ್ಜೇ ಜಾಸ್ತಿ. ಈ 3,105 ನೆನಪಿಟ್ಟುಕೊಳ್ಳಿ.

ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಸೆಂಟರ್‌ಗೆ ಹೋಗಿ ಬೆರಳಚ್ಚು, ಫೋಟೋ ಕೊಟ್ಟು ಬಂದೆ. ಪಾಸ್‌ಪೋರ್ಟ್ ನನ್ನ ಹತ್ತಿರವೇ ಇತ್ತು. ಆಮೇಲೆ ಕಾಯುವುದೇ ಕೆಲಸ. ಕೇಳಿದಾಗಲೆಲ್ಲ ಒಂದೇ ಉತ್ತರ. "ಪ್ರೋಸೆಸ್‌ನಲ್ಲಿದೆ ಮೇಡಂ." "ಕ್ರಿಸ್‌ಮಸ್ ರಜೆ ಮೇಡಂ." "ಈ ಸಲ ಎಲ್ಲರದೂ ಲೇಟ್ ಮೇಡಂ." ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಅತ್ತೆ ಪ್ರತಿ ವಾರ ಫೋನ್ ಮಾಡಿ "ಏನಮ್ಮಾ, ಬಂತಾ?" ಅನ್ನುತ್ತಿದ್ದರು. ಇಲ್ಲ ಅತ್ತೆ, ಇನ್ನೂ ಇಲ್ಲ. ಅಪ್ಪ ಬಂದವರಿಗೆಲ್ಲ ಮುಂದಿನ ತಿಂಗಳು ಹೋಗುತ್ತಾಳೆ ಅಂತ ಹೇಳಿಬಿಟ್ಟಿದ್ದರು.

ಕೊನೆಗೆ ನನ್ನ ಗಂಡನೇ, ವಿಎಫ್‌ಎಸ್ ಅಪಾಯಿಂಟ್‌ಮೆಂಟ್ ಹಾಳೆಯ ಮೇಲಿದ್ದ ಜಿಡಬ್ಲ್ಯೂಎಫ್ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಹಿಡಿದು, ಯುಕೆಯ ವೀಸಾ ಇಲಾಖೆಯಾದ ಯುಕೆವಿಐಗೆ ವಿಚಾರಿಸಿದರು. ನಿರ್ಧಾರ ಯಾವಾಗಲೋ ಆಗಿದೆ, ಅರ್ಜಿಯಲ್ಲಿರುವ ಇಮೇಲ್‌ಗೆ ಕಳಿಸಿದ್ದೇವೆ ಎಂಬ ಉತ್ತರ ಬಂತು.

ಅರ್ಜಿಯಲ್ಲಿರುವ ಇಮೇಲ್! ಅಂದರೆ ಅವನ ಇಮೇಲ್.

ನಾನು ಆಗಲೇ ಫೋನ್ ಮಾಡಿದೆ. ಎತ್ತಲಿಲ್ಲ. ಆಫೀಸಿಗೆ ಹೋದೆ. "ಸರ್ ಮೀಟಿಂಗ್‌ನಲ್ಲಿದಾರೆ." ಸಂಜೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ರಿಜೆಕ್ಟ್ ಆದ ಪತ್ರದ ಮೊದಲ ಪುಟ. ಮೇಲಿನ ಭಾಗ ಕತ್ತರಿಸಿದ್ದ. ದಿನಾಂಕ ಇರುವ ಭಾಗವನ್ನೇ ಕತ್ತರಿಸಿದ್ದ! ಕೆಳಗೆ "ಸ್ಯಾಡ್ ನ್ಯೂಸ್ ಮೇಡಂ, ಜಸ್ಟ್ ನೌ ಬಂತು" ಅಂತ ಮೆಸೇಜು. ಜಗಳ ಮಾಡಿ ಪೂರ್ತಿ ಪಿಡಿಎಫ್ ತೆಗೆಸಿಕೊಂಡು ನೋಡಿದರೆ, ವಿದೇಶದಿಂದ ಅಪೀಲ್ ಮಾಡಲು ಕೊಡುವ 28 ದಿನ ಮುಗಿದು ಎಷ್ಟೋ ಕಾಲವಾಗಿತ್ತು. "ಪ್ರೋಸೆಸ್‌ನಲ್ಲಿದೆ ಮೇಡಂ" ಅಂತ ಅವನು ಹೇಳುತ್ತಿದ್ದ ದಿನಗಳಲ್ಲೇ ಪತ್ರ ಅವನ ಇನ್‌ಬಾಕ್ಸ್‌ನಲ್ಲಿ ಕೂತಿತ್ತು. ಕಾರಣ ಅದೇ, ಇಂಗ್ಲಿಷ್ ಪರೀಕ್ಷೆ ಒಪ್ಪಿತ ಪಟ್ಟಿಯಲ್ಲಿಲ್ಲ. ನಮ್ಮ ಮದುವೆ ನಿಜವೋ ಸುಳ್ಳೋ, ಸಂಬಳ ಸಾಕೋ ಸಾಲದೋ, ಅದರ ಬಗ್ಗೆ ಒಂದು ತಕರಾರೂ ಇರಲಿಲ್ಲ.

ಅರ್ಜಿಯ ಕಾಪಿ ಕೂಡ ಆಗ ಮೊದಲ ಸಲ ಕೈಗೆ ಬಂತು. ನಮ್ಮಿಬ್ಬರ ಸಂಬಂಧದ ಬಗ್ಗೆ ಬರೆದಿದ್ದ ಪತ್ರದಲ್ಲಿ ನಮ್ಮ ಮದುವೆ ನಡೆದ ಊರೇ ಬೇರೆ. ಯಾರದೋ ಹಳೆ ಪತ್ರ ತೆಗೆದು ಹೆಸರು ಬದಲಾಯಿಸಿದ್ದಾರೆ. ಇದಕ್ಕೂ ಅವನು ದುಡ್ಡು ತೆಗೆದುಕೊಂಡಿದ್ದ.

ಆದರೆ ನಿಜವಾಗಿ ಎದೆ ಒಡೆದದ್ದು ಇದಾದ ಮೇಲೆ. ವೀಸಾ ರಿಜೆಕ್ಟ್ ಆದರೆ ವೀಸಾ ಫೀಸ್ ವಾಪಸ್ ಬರಲ್ಲ, ಅದು ಗೊತ್ತಿರುವ ವಿಷಯ. ಹೆಲ್ತ್ ಸರ್ಚಾರ್ಜ್ ಹಾಗಲ್ಲ. ಅದು ಪೂರ್ತಿ ವಾಪಸ್ ಬರುತ್ತದೆ. ಯಾರೂ ಕೇಳಬೇಕಾಗಿಲ್ಲ, ಅರ್ಜಿ ಹಾಕಬೇಕಾಗಿಲ್ಲ. ನಿರ್ಧಾರ ಬಂದ ಮೇಲೆ ಸಾಮಾನ್ಯವಾಗಿ ಆರು ವಾರದೊಳಗೆ, ಹಣ ಕಟ್ಟಿದ ಅದೇ ಕಾರ್ಡ್‌ಗೆ ತಾನಾಗಿಯೇ ಬಂದು ಬೀಳುತ್ತದೆ.

ಹಣ ಕಟ್ಟಿದ ಕಾರ್ಡ್ ಯಾರದು? ಅವನದು.

ಇದನ್ನು ಓದಿದ ಕ್ಷಣ ಎಲ್ಲ ಅರ್ಥವಾಯಿತು. ಕಾರ್ಡ್ ಫೇಲ್ ಆಗತ್ತೆ ಅಂದಿದ್ದು ಯಾಕೆ, ನನ್ನ ಇಮೇಲ್ ಬೇಡ ಅಂದಿದ್ದು ಯಾಕೆ, ರಿಜೆಕ್ಟ್ ಆಗಿದ್ದನ್ನು ಮುಚ್ಚಿಟ್ಟಿದ್ದು ಯಾಕೆ. ವೀಸಾ ಬಂದರೆ ಅವನಿಗೆ ಸರ್ವಿಸ್ ಚಾರ್ಜ್. ಬರದಿದ್ದರೆ ಸರ್ವಿಸ್ ಚಾರ್ಜ್ ಜೊತೆಗೆ ನಮ್ಮ 3,105 ಪೌಂಡ್. ನಮ್ಮ ಸಂಸಾರದ ದುಡ್ಡು ಅದು. ನನ್ನ ಗಂಡ ಓವರ್‌ಟೈಮ್ ಮಾಡಿ ಕೂಡಿಟ್ಟಿದ್ದು.

ಕೇಳಿದ್ದಕ್ಕೆ ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಮುಂದೆ ನಿಮಗೂ ಇವೇ ಮಾತು ಹೇಳಿಯಾರು. ಮೊದಲು, "ಗವರ್ನಮೆಂಟ್ ಫೀಸ್ ಯಾವತ್ತೂ ವಾಪಸ್ ಬರಲ್ಲ ಮೇಡಂ." ನಿಯಮ ಇರುವ ಸರ್ಕಾರಿ ಪುಟವನ್ನೇ ಕಳಿಸಿದೆ. ಆಗ, "ಅದು ಅಲ್ಲೇ ಇದ್ದು ಅಪ್ಲೈ ಮಾಡೋರಿಗೆ." ಅಲ್ಲ ಎಂದು ತೋರಿಸಿದೆ. ಆಗ, "ಬಂದಿಲ್ಲ, ಬಂದ್ರೆ ಕೊಡ್ತೀವಿ, ನಾವೇನು ಓಡಿ ಹೋಗ್ತೀವಾ?" ನನ್ನ ಗಂಡ ವಿಚಾರಿಸಿ, ಹಣ ಕಟ್ಟಿದ ಕಾರ್ಡ್‌ಗೇ ವಾಪಸ್ ಮಾಡಿದ್ದೇವೆ ಎಂಬ ಉತ್ತರವನ್ನು ತರಿಸಿ ಕಳಿಸಿದರು. ಆಗ ದನಿಯೇ ಬದಲಾಯಿತು. "ಅಕೌಂಟ್ಸ್‌ನವರು ಚೆಕ್ ಮಾಡ್ತಾರೆ. ಬೇಕಾದ್ರೆ ಮುಂದಿನ ಅಪ್ಲಿಕೇಶನ್‌ಗೆ ನಮ್ಮ ಸರ್ವಿಸ್ ಚಾರ್ಜ್ ಫ್ರೀ ಮಾಡ್ತೀವಿ, ಆ ದುಡ್ಡು ಅದಕ್ಕೇ ಅಡ್ಜಸ್ಟ್ ಮಾಡೋಣ." ಅಂದರೆ ದುಡ್ಡು ಬಂದಿದೆ ಅಂತ ಅವನ ಬಾಯಿಂದಲೇ ಬಂತು ಅಲ್ವಾ?

ಪರೀಕ್ಷೆ ಬಗ್ಗೆ ಕೇಳಿದಾಗ ಏನಂದ ಗೊತ್ತಾ? "ನೀವು ಓದಿದೋರು ಮೇಡಂ, ಯಾವ ಟೆಸ್ಟ್ ಅಂತ ನೀವೇ ನೋಡ್ಕೋಬೇಕಿತ್ತು. ನಾವು ಬರೀ ಗೈಡೆನ್ಸ್ ಕೊಡೋರು." ದುಡ್ಡು ತಗೊಳ್ಳುವಾಗ ಎಲ್ಲ ನಮ್ಮ ಜವಾಬ್ದಾರಿ, ಕೇಸ್ ಬಿದ್ದಾಗ ಬರೀ ಗೈಡೆನ್ಸ್. ಅಪ್ಪನ ಎದುರಿಗೇ ಹೀಗಂದ. ಅಪ್ಪ ಏನೂ ಮಾತಾಡದೆ ಎದ್ದು ಬಂದರು. ಆ ಅವಮಾನ ನನಗೆ ಮರೆಯುವುದಿಲ್ಲ.

ಯುಕೆ ಒಳಗೆ ಕೂತು ಇಮಿಗ್ರೇಷನ್ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ಅಲ್ಲಿಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಮೊದಲು ಅದಕ್ಕೆ ಓಐಎಸ್‌ಸಿ ಅನ್ನುತ್ತಿದ್ದರು, 2025ರಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂಬ ಹೆಸರು. ನೋಂದಾಯಿತರ ಪಟ್ಟಿ ಆನ್‌ಲೈನ್‌ನಲ್ಲಿದೆ, ಯಾರು ಬೇಕಾದರೂ ನೋಡಬಹುದು. ನೋಂದಣಿ ಇಲ್ಲದೆ ಅಲ್ಲಿ ಈ ಕೆಲಸ ಮಾಡಿದರೆ ಅಪರಾಧ. ಇಲ್ಲಿ ಬೋರ್ಡ್ ಹಾಕಿಕೊಂಡು ಕೂತವರಿಗೆ ಆ ಕಾನೂನು ತಟ್ಟುವುದಿಲ್ಲ. ಅವರಿಗೂ ಅದು ಚೆನ್ನಾಗಿ ಗೊತ್ತು. ಸಹಾಯ ಬೇಕೇ ಬೇಕು ಅಂದರೆ ಆ ಪಟ್ಟಿಯಲ್ಲಿ ಇರುವವರನ್ನು ಹಿಡಿಯಿರಿ. ಸಂಬಳ, ಮದುವೆ, ಮನೆ ಎಲ್ಲ ನೇರವಾಗಿದ್ದರೆ ಸರ್ಕಾರಿ ವೆಬ್‌ಸೈಟ್ ಓದಿಕೊಂಡು ನೀವೇ ತುಂಬಬಹುದು. ಪ್ರಶ್ನೆಗಳು ಉದ್ದ ಅಷ್ಟೇ, ಕಷ್ಟ ಅಲ್ಲ.

ಅಪೀಲ್ ತಡವಾಗಿದ್ದಕ್ಕೆ ಕಾರಣ ಕೊಟ್ಟು ಅವಕಾಶ ಕೇಳಬಹುದು. ಆದರೆ ಪರೀಕ್ಷೆ ನಿಜಕ್ಕೂ ಪಟ್ಟಿಯಲ್ಲಿಲ್ಲದಿದ್ದಾಗ ಅದರ ಹಿಂದೆ ಓಡುವುದರಲ್ಲಿ ಅರ್ಥವಿಲ್ಲ ಅನ್ನಿಸಿತು. ಹೊಸ ಅರ್ಜಿ ಹಾಕುತ್ತಿದ್ದೇವೆ. ವೀಸಾ ಫೀಸ್ ಪೂರ್ತಿ ಮತ್ತೆ. ಟಿಬಿ ಸರ್ಟಿಫಿಕೇಟ್ ಆರು ತಿಂಗಳಷ್ಟೇ ನಡೆಯುವುದು, ಹಾಗಾಗಿ ಅದೂ ಮತ್ತೆ. ಕೊನೆಯ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಅರ್ಜಿಯ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು, ಅವನ್ನೂ ಹೊಸದಾಗಿ ತೆಗೆಯಬೇಕು. ಎಕ್ಟಿಸ್‌ಗೆ ಡಿಗ್ರಿ ದಾಖಲೆ ಕಳಿಸಿಯಾಗಿದೆ. ಈ ಸಲ ಇಮೇಲ್ ನನ್ನದು, ಪಾಸ್‌ವರ್ಡ್ ನನ್ನದು, ಕಾರ್ಡ್ ನನ್ನ ಗಂಡನದು.

ಅವನಿಗೆ ವಕೀಲರಿಂದ ನೋಟಿಸ್ ಹೋಗಿದೆ. ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆ. ವಾಟ್ಸಾಪ್ ಮೆಸೇಜು, ಕತ್ತರಿಸಿದ ಆ ಫೋಟೋ, ಅವನ ಅಕೌಂಟ್‌ಗೆ ಹಣ ಹಾಕಿದ ದಾಖಲೆ ಎಲ್ಲ ಇಟ್ಟುಕೊಂಡಿದ್ದೇನೆ. ನೀವೂ ಫೋನ್‌ನಲ್ಲಿ ಮಾತಾಡಿದ್ದನ್ನು ಮೆಸೇಜ್‌ನಲ್ಲಿ ಮತ್ತೆ ಬರೆದು ಕಳಿಸಿ, ಉತ್ತರ ಬರೆಸಿಕೊಳ್ಳಿ.

ಏಜೆಂಟ್ ಮೂಲಕ ಹಾಕಿ ರಿಜೆಕ್ಟ್ ಆದವರು ಹಳೆಯ ರಸೀದಿಗಳನ್ನು ಇವತ್ತೇ ತೆಗೆದು ನೋಡಿ. ಹೆಲ್ತ್ ಸರ್ಚಾರ್ಜ್ ಯಾರ ಕಾರ್ಡ್‌ನಿಂದ ಹೋಗಿತ್ತು? ನಿಮ್ಮದಲ್ಲದಿದ್ದರೆ ಆ ದುಡ್ಡು ಎಲ್ಲಿ ಎಂದು ಬರವಣಿಗೆಯಲ್ಲಿ ಕೇಳಿ. "ಗವರ್ನಮೆಂಟ್ ಫೀಸ್ ವಾಪಸ್ ಬರಲ್ಲ" ಎಂದರೆ ನಂಬಬೇಡಿ.