ಡಿಎಆರ್ ಸದಸ್ಯತ್ವ: ಅರ್ಜಿ ಹಾಕುವ ಮುಂಚೆ ಏನೇನು ನೋಡಬೇಕು

ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್, ಎಲ್ಲರ ಬಾಯಲ್ಲಿ ಡಿಎಆರ್, ದುಡ್ಡು ಕಟ್ಟಿದ ಮಾತ್ರಕ್ಕೆ ಒಳಗೆ ಬಿಡುವ ಸಂಘವಲ್ಲ. ಅಮೆರಿಕದ ಸ್ವಾತಂತ್ರ್ಯಯುದ್ಧಕ್ಕೆ ನೆರವಾದ ಒಬ್ಬ ಪೂರ್ವಜನಿಂದ ತನ್ನವರೆಗೆ ರಕ್ತಸಂಬಂಧ ಕಡಿಯದೆ ಬಂದಿದೆ ಎಂದು ತಲೆಮಾರಿನಿಂದ ತಲೆಮಾರಿಗೆ ಕಾಗದ ಇಟ್ಟು ತೋರಿಸಬೇಕು. ಹದಿನೆಂಟು ತುಂಬಿದ ಯಾವ ಹೆಣ್ಣುಮಗಳೂ ಅರ್ಜಿ ಹಾಕಬಹುದು. ಧರ್ಮ, ಬಣ್ಣ, ಮೂಲ ಕೇಳುವುದಿಲ್ಲ. ಗಂಡಸರಿಗೆ ಇದೇ ಬಗೆಯ ಎಸ್ಎಆರ್, ಅಂದರೆ ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್, 1889ರಿಂದ ಇದೆ. ಆ ಸಂಘ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದ್ದಕ್ಕೇ 1890ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಡಿಎಆರ್ ಹುಟ್ಟಿತು.

ಕನ್ನಡದವರಿಗೂ ಇದಕ್ಕೂ ಏನು ನಂಟು? ಅಮೆರಿಕದ ಕನ್ನಡ ಮನೆಗಳಲ್ಲಿ ಈಗ ಅಲ್ಲಿನವರೇ ಸೊಸೆಯೋ ಅಳಿಯನೋ ಆಗಿ ಬರುವುದು ಅಪರೂಪವಲ್ಲ. ಅಪ್ಪ ಹಾಸನದವರು, ಅಮ್ಮ ವರ್ಜೀನಿಯಾದ ಹಳೆಯ ಮನೆತನದವರು ಎಂದಿಟ್ಟುಕೊಳ್ಳಿ. ಅಮ್ಮನ ಕಡೆಯಿಂದ ಒಂದೇ ಒಂದು ಎಳೆ ಸಾಬೀತಾದರೂ ಮಗಳಿಗೆ ಅರ್ಹತೆ ಇದೆ. ಆ ಎಳೆ ಗಂಡಸರ ಮೂಲಕವೇ ಬರಬೇಕೆಂಬ ನಿಯಮವಿಲ್ಲ. ನಡುವೆ ಅಜ್ಜಿ, ಮುತ್ತಜ್ಜಿ ಯಾರಿದ್ದರೂ ನಡೆಯುತ್ತದೆ. ದತ್ತು ಹೋದವರು ಮಾತ್ರ ಹೆತ್ತವರ ವಂಶದ ಮೂಲಕವೇ ಬರಬೇಕು.

ಪೂರ್ವಜ ಬಂದೂಕು ಹಿಡಿದಿರಲೇಬೇಕು ಎಂದುಕೊಂಡು ಎಷ್ಟೋ ಜನ ಮೊದಲ ಹೆಜ್ಜೆಯಲ್ಲೇ ಕೈಬಿಡುತ್ತಾರೆ. ಹಾಗೇನಿಲ್ಲ. ಲೆಕ್ಕಕ್ಕೆ ಬರುವ ಅವಧಿ 1775ರ ಏಪ್ರಿಲ್ 19ರಿಂದ 1783ರ ನವೆಂಬರ್ 26ರವರೆಗೆ. ಅಷ್ಟರೊಳಗೆ ಸೈನ್ಯದಲ್ಲಿ, ರಾಜ್ಯದ ಮಿಲಿಷಿಯಾದಲ್ಲಿ (ಊರವರೇ ಸೇರಿದ ನಾಗರಿಕ ಪಡೆ), ನೌಕಾಪಡೆಯಲ್ಲಿ ಇದ್ದವರು ಸರಿ. ಊರಿನ ಅಧಿಕಾರಿ, ಜ್ಯೂರಿ ಸದಸ್ಯ, ರಾಜ್ಯ ಸಭೆಯ ಸದಸ್ಯ ಇಂಥವರು ನಾಗರಿಕ ಸೇವೆಯ ಲೆಕ್ಕಕ್ಕೆ. ಸೈನ್ಯಕ್ಕೆ ದನ, ಜೋಳ, ಗಾಡಿ ಕೊಟ್ಟವರು, ಬ್ರಿಟಿಷ್ ರಾಜನನ್ನು ಬಿಟ್ಟು ತಮ್ಮ ರಾಜ್ಯಕ್ಕೆ ನಿಷ್ಠರೆಂಬ ಪ್ರಮಾಣಕ್ಕೆ ಸಹಿ ಹಾಕಿದವರು, ಗಾಯಾಳುಗಳ ಆರೈಕೆ ಮಾಡಿದವರು ದೇಶಭಕ್ತ ಸೇವೆಯ ಲೆಕ್ಕಕ್ಕೆ. ಈ ಮೂರನೆಯ ಬಗೆಯಲ್ಲೇ ಹೊಸ ಪೂರ್ವಜರು ಸಿಗುವ ಸಾಧ್ಯತೆ ಹೆಚ್ಚು. ಮೇರಿಲ್ಯಾಂಡಿನ 1778ರ ನಿಷ್ಠಾ ಪ್ರಮಾಣದ ಪಟ್ಟಿಗಳು, ವರ್ಜೀನಿಯಾದಲ್ಲಿ ಸೈನ್ಯಕ್ಕೆ ಸರಕು ಕೊಟ್ಟವರು ಹಣ ಕೇಳಿ ಸಲ್ಲಿಸಿದ ಅಹವಾಲುಗಳು ಇವನ್ನು ತಪ್ಪದೆ ನೋಡಿ. ಹೆಂಗಸರ ಹೆಸರೂ ಇವುಗಳಲ್ಲಿ ಸಿಗುತ್ತದೆ. ಒಂದು ಷರತ್ತು: ನಿಷ್ಠೆ ಕೊನೆಯವರೆಗೂ ಕದಲಿರಬಾರದು. ಮೊದಲು ಜೋಳ ಕೊಟ್ಟು ಆಮೇಲೆ ಬ್ರಿಟಿಷರ ಕಡೆ ವಾಲಿದವನನ್ನು ಹಿಡಿದು ಅರ್ಜಿ ಹಾಕಿದರೆ ಪ್ರಯೋಜನವಿಲ್ಲ.

ಇಲ್ಲೊಂದು ಸ್ವಾರಸ್ಯ. ಪೆನ್ಸಿಲ್ವೇನಿಯಾ ರಾಜ್ಯದ ಯುದ್ಧನೌಕೆಯೊಂದರ ಹೆಸರು ‘ಹೈದರ್ ಅಲಿ’. ಬ್ರಿಟಿಷರ ಮೇಲೆ ಆಗ ಯುದ್ಧದಲ್ಲಿದ್ದ ನಮ್ಮ ಮೈಸೂರಿನ ಹೈದರನ ಹೆಸರೇ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ಹಡಗಿನಲ್ಲಿದ್ದ ನಾವಿಕನ ಸೇವೆಯೂ ಅರ್ಹ ಸೇವೆಯೇ.

ಸದಸ್ಯತ್ವದ ಮಾತು ಆಮೇಲೆ. ಮೊದಲು ಡಿಎಆರ್‌ನ ವಂಶಾವಳಿ ಹುಡುಕಾಟದ ಜಾಲತಾಣಕ್ಕೆ ಹೋಗಿ; ಅದು ಪುಕ್ಕಟೆ, ಸದಸ್ಯರಲ್ಲದವರಿಗೂ ತೆರೆದಿದೆ. ಸಂಘ ಕೊಡುವುದರಲ್ಲೆಲ್ಲ ಅತ್ಯುತ್ತಮವಾದದ್ದು ಇದೇ. ಪೂರ್ವಜನ ಹೆಸರು ಹಾಕಿದರೆ ಸಂಘ ಅವನಿಗೆ ಕೊಟ್ಟ ಸಂಖ್ಯೆ, ಹುಟ್ಟು ಸಾವು, ಹೆಂಡತಿ, ಸೇವೆಯ ಬಗೆ, ಯಾವ ರಾಜ್ಯ ಎಲ್ಲ ಬರುತ್ತದೆ. ಅವನ ಯಾವ ಮಗ ಅಥವಾ ಮಗಳ ಮೂಲಕ ಯಾರು ಯಾರು ಸದಸ್ಯರಾದರು ಎಂಬ ಪಟ್ಟಿ ಕೆಳಗಿರುತ್ತದೆ. ಈಚಿನ ತಲೆಮಾರುಗಳ ಹೆಸರನ್ನು ಮರೆಮಾಡಿರುತ್ತಾರೆ, ಅದು ಸರಿಯೇ. ನಿಮ್ಮ ಮುತ್ತಜ್ಜಿಯ ಅಪ್ಪನೋ ಅಜ್ಜನೋ ಆ ಪಟ್ಟಿಯಲ್ಲಿ ಕಂಡರೆ ಮುಕ್ಕಾಲು ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ ಎಂದರ್ಥ. ಆ ಹಳೆಯ ಅರ್ಜಿಯ ಪ್ರತಿಯನ್ನು ಅಲ್ಲೇ ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು. ಅರ್ಜಿಯ ಜೊತೆ ಕೊಟ್ಟ ದಾಖಲೆಗಳಿಗೆ ಬೇರೆ ಶುಲ್ಕ. ಸಿಗುವಂತಿದ್ದರೆ ಅವನ್ನೂ ತರಿಸಿ, ಚೌಕಾಸಿ ಬೇಡ.

ಪೂರ್ವಜನ ಪುಟದಲ್ಲಿ ಕೆಂಪಕ್ಷರದ ಟಿಪ್ಪಣಿ ಇದೆಯೇ ಎಂದು ಮಾತ್ರ ಕಣ್ಣಿಟ್ಟು ನೋಡಿ. ಹಿಂದೆ ಒಪ್ಪಿದ ಅರ್ಜಿಯೊಂದರಲ್ಲಿ ತೊಂದರೆ ಕಂಡಿದೆ, ಮುಂದಿನವರು ಸೇವೆಯನ್ನು ಹೊಸದಾಗಿ ಸಾಬೀತು ಮಾಡಬೇಕು ಎಂಬಂಥ ಎಚ್ಚರಿಕೆಗಳು ಅಲ್ಲಿರುತ್ತವೆ. ನೂರು ವರ್ಷದ ಹಿಂದೆ ಮನೆಯವರ ಹೇಳಿಕೆಯನ್ನೇ ನಂಬಿ ಅರ್ಜಿ ಒಪ್ಪಿದ್ದುಂಟು. ಈಗ ಆ ಎಳೆ ಹಿಡಿದು ಹೋದರೆ ಗೋಡೆಗೆ ಹಣೆ ಬಡಿಯುತ್ತದೆ. ದೊಡ್ಡಮ್ಮ ಸದಸ್ಯೆಯಾಗಿದ್ದರು, ಹಾಗಾಗಿ ನಮಗೂ ಸಲೀಸು ಎಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಕಾಗದ ಜೋಡಿಸುವುದು ನಿಮ್ಮಿಂದ ಹಿಂದಕ್ಕೆ, ಪೂರ್ವಜನಿಂದ ಮುಂದಕ್ಕಲ್ಲ. ನೀವು, ನಿಮ್ಮ ತಂದೆತಾಯಿ, ಅಜ್ಜಅಜ್ಜಿ ಈ ಮೂರು ತಲೆಮಾರಿಗೆ ಜನನ, ಮದುವೆ, ಮರಣದ ಸರ್ಕಾರಿ ಪ್ರಮಾಣಪತ್ರಗಳು ಬೇಕು. ತಂದೆತಾಯಿಯ ಹೆಸರಿರುವ ಪೂರ್ಣ ಪ್ರತಿಯನ್ನೇ ತರಿಸಿ. ಹೆಸರು, ದಿನಾಂಕ ಮಾತ್ರ ಇರುವ ಚಿಕ್ಕ ಚೀಟಿ ಸಾಲದು. ಅದಕ್ಕೂ ಹಿಂದೆ ಜನಗಣತಿ, ಉಯಿಲು, ಜಮೀನಿನ ಪತ್ರ, ಚರ್ಚಿನ ದಾಖಲೆ, ಪಿಂಚಣಿ ಕಡತ. ಗುಲಾಮರನ್ನು ಬಿಟ್ಟು ಮನೆಯ ಎಲ್ಲರ ಹೆಸರು ಬರೆದ ಮೊದಲ ಅಮೆರಿಕನ್ ಜನಗಣತಿ 1850ರದು. ಅದರಲ್ಲೂ ಯಾರು ಯಾರಿಗೆ ಏನಾಗಬೇಕು ಎಂದಿಲ್ಲ. ಯಜಮಾನನಿಗೆ ಸಂಬಂಧ ಏನೆಂಬ ಕಲಂ ಬಂದದ್ದು 1880ರಲ್ಲಿ. 1890ರ ಜನಗಣತಿ ಬಹುಪಾಲು 1921ರ ಬೆಂಕಿಯಿಂದ ಹಾಳಾಯಿತು. ಹೀಗಾಗಿ 1880ರಿಂದ 1900ರ ನಡುವೆ ಹುಟ್ಟಿ, ಬೆಳೆದು, ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಲೆಕ್ಕದಲ್ಲಿ ಒಮ್ಮೆಯೂ ಕಾಣದೆ ಹೋಗಬಹುದು. ಅಂಥ ಕಡೆ ಮದುವೆ ಪರವಾನಗಿ, ಮರಣಪತ್ರ, ಅಪ್ಪನ ಉಯಿಲು ಇವುಗಳಿಗೆ ಕೈಹಾಕಬೇಕು. ‘ನನ್ನ ಮಗಳು ಇಂಥವಳಿಗೆ, ಅವಳ ಗಂಡ ಇಂಥವನಿಗೆ’ ಎಂದು ಬರೆದ ಉಯಿಲಿನ ಒಂದು ಸಾಲು ಹತ್ತು ಜನಗಣತಿ ಹಾಳೆಗಿಂತ ತೂಕದ್ದು.

ಪಿಂಚಣಿ ಕಡತಗಳಂತೂ ನಿಧಿ. 1818ರ ಕಾಯ್ದೆ ಬಡ ಸೈನಿಕರಿಗೆ ಪಿಂಚಣಿ ಕೊಟ್ಟಿತು, 1832ರ ಕಾಯ್ದೆ ಮಿಲಿಷಿಯಾದವರಿಗೂ ವಿಸ್ತರಿಸಿತು, 1836ರಿಂದ ವಿಧವೆಯರಿಗೂ ದಾರಿಯಾಯಿತು. ವಿಧವೆ ಮದುವೆ ಸಾಬೀತು ಮಾಡಬೇಕಿತ್ತಲ್ಲ, ಅದಕ್ಕೆ ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹುಟ್ಟು ಬರೆದ ಹಾಳೆಯನ್ನೇ ಹರಿದು ಲಗತ್ತಿಸಿದ್ದುಂಟು. ಇವು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅಂತರ್ಜಾಲದಲ್ಲೂ ಸಿಗುತ್ತವೆ. 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಗೆ ಬೆಂಕಿ ಬಿದ್ದು ಅದಕ್ಕೂ ಹಿಂದಿನ ಪಿಂಚಣಿ ಅರ್ಜಿಗಳು ಸುಟ್ಟುಹೋದವು. ಹಾಗಾಗಿ ಬೇಗ ತೀರಿಹೋದ ಸೈನಿಕನ ಬಗ್ಗೆ ಇಲ್ಲಿ ಏನೂ ಸಿಗದಿದ್ದರೆ ಆತ ಸೇವೆ ಮಾಡಿಲ್ಲ ಎಂದಲ್ಲ. ರಾಜ್ಯದ ಸೈನಿಕರ ಹಾಜರಿಪಟ್ಟಿ ನೋಡಿ. ಮನೆಯಲ್ಲೇ ಹಳೆಯ ಬೈಬಲ್ ಇದ್ದರೆ ಹೆಸರಿರುವ ಹಾಳೆಯ ಜೊತೆ ಮುಖಪುಟದ ಪ್ರತಿಯನ್ನೂ ಇಡಿ. 1870ರಲ್ಲಿ ಅಚ್ಚಾದ ಪುಸ್ತಕದಲ್ಲಿ 1790ರ ಹುಟ್ಟು ಬರೆದಿದ್ದರೆ ಅದು ಆ ಕಾಲದ ಬರಹವಲ್ಲ, ನೆನಪಿನಿಂದ ಬರೆದದ್ದು ಎಂದು ಪರಿಶೀಲಕರು ಹಿಡಿಯುತ್ತಾರೆ.

ಅರ್ಜಿಗಳು ಬೀಳುವ ಮುಖ್ಯ ಹಳ್ಳ ಒಂದೇ ಹೆಸರಿನ ಇಬ್ಬರು. ಒಂದೇ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದಲ್ಲಿ, ಇಬ್ಬರು ಜಾನ್ ಸ್ಮಿತ್, ಒಬ್ಬ ಯುದ್ಧಕ್ಕೆ ಹೋದವನು, ಇನ್ನೊಬ್ಬ ನಿಮ್ಮ ಮುತ್ತಜ್ಜ. ಹೆಸರು ಹೊಂದಿತೆಂದು ಅಲ್ಲಿಗೆ ನಿಲ್ಲಿಸಬೇಡಿ. ಹೆಂಡತಿಯ ಹೆಸರು, ಜಮೀನು ಇದ್ದ ಹೊಳೆಯ ದಂಡೆ, ಸಾಕ್ಷಿ ಹಾಕಿದ ನೆರೆಯವರು ಇವೂ ಹೊಂದಬೇಕು. ವಯಸ್ಸಿನ ಲೆಕ್ಕ ಬೆರಳಲ್ಲೇ ಹಾಕಿ ನೋಡಿ: 1772ರಲ್ಲಿ ಹುಟ್ಟಿದವನು ಸೈನಿಕ ಎಂದರೆ ಮಿಲಿಷಿಯಾದಲ್ಲಿದ್ದದ್ದು ಅವನ ಅಪ್ಪನಿರಬಹುದು. ಇನ್ನೊಂದು ಹಳ್ಳ, ಅಂತರ್ಜಾಲದಲ್ಲಿ ಯಾರೋ ಕಟ್ಟಿದ ವಂಶವೃಕ್ಷ. ಅದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಸಮಾಧಿ ಕಲ್ಲಿನ ಫೋಟೋ ದಿನಾಂಕಕ್ಕೆ ನಡೆಯುತ್ತದೆ, ಅದರ ಕೆಳಗೆ ಯಾರೋ ಟೈಪ್ ಮಾಡಿದ ‘ಇಂಥವರ ಮಗ’ ನಡೆಯುವುದಿಲ್ಲ. ಡಿಎನ್ಎ ಪರೀಕ್ಷೆ ಮಾಡಿಸಿದ್ದೇವೆ ಎಂಬವರಿಗೂ ಇದೇ ಉತ್ತರ. ಗಂಡು ಸಂತತಿಯ ವೈ-ಡಿಎನ್ಎಯನ್ನು ಡಿಎಆರ್ 2014ರಿಂದ ಪರಿಗಣಿಸುತ್ತದೆ, ಅದೂ ಕಾಗದದ ಸಾಕ್ಷಿಯ ಜೊತೆಗೆ. ಇಂಥ ಕಡೆಯ ರಕ್ತ ಇಷ್ಟು ಶೇಕಡಾ ಎಂಬ ಬಣ್ಣದ ನಕ್ಷೆಗೆ ಇಲ್ಲಿ ಬೆಲೆಯಿಲ್ಲ.

ಮಗಳು ಕರ್ನಾಟಕದಲ್ಲಿ ಹುಟ್ಟಿದ್ದರೆ ತೊಡಕು ಇನ್ನೊಂದು ಬಗೆಯದು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟಿರುವುದು ನಮ್ಮಲ್ಲಿ ಮಾಮೂಲು. ಮೊದಲು ನೋಂದಣಾಧಿಕಾರಿ ಕಚೇರಿಯಲ್ಲಿ ಹೆಸರು ಸೇರಿಸಿಸಿ. ಅಮ್ಮನ ಹೆಸರನ್ನು ಆಸ್ಪತ್ರೆಯವರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ತವರಿನ ಮನೆತನದ ಹೆಸರು ಬಿಟ್ಟೇ ಹೋಗಿರುತ್ತದೆ. ವಂಶದ ಎಳೆ ಹಾದುಹೋಗುವುದೇ ಆ ಹೆಸರಿನ ಮೇಲೆ, ಆದ್ದರಿಂದ ತಿದ್ದುಪಡಿ ಮಾಡಿಸದೆ ಮುಂದೆ ಹೋಗಬೇಡಿ. ಅಪ್ಪನ ಇನಿಷಿಯಲ್ ಒಂದು ಕಡೆ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಊರು ಮತ್ತು ತಾತನ ಹೆಸರು. ಇಬ್ಬರೂ ಒಬ್ಬರೇ ಎಂದು ನಮಗೆ ಹೇಳಬೇಕಿಲ್ಲ, ವಾಷಿಂಗ್ಟನ್ನಿನ ಪರಿಶೀಲಕರಿಗೆ ಹೇಳಲೇಬೇಕು. ಮದುವೆ ನೋಂದಣಿ ಪತ್ರದ ಪ್ರತಿ ಜೊತೆಗಿರಲಿ. ಕಲ್ಯಾಣ ಮಂಟಪದ ಆಮಂತ್ರಣ ಪತ್ರಿಕೆಯನ್ನು ನೆಚ್ಚಿಕೊಳ್ಳಬೇಡಿ. ಕನ್ನಡದಲ್ಲಿರುವ ಪ್ರತಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಎಲ್ಲಕ್ಕೂ ನಕಲು ಪ್ರತಿ ಸಾಕು, ಮೂಲ ಕಳಿಸಬೇಡಿ.

ಅರ್ಜಿ ನೇರವಾಗಿ ಕೇಂದ್ರ ಕಚೇರಿಗೆ ಹೋಗುವುದಲ್ಲ. ಜಾಲತಾಣದಲ್ಲಿ ಆಸಕ್ತಿ ನಮೂದಿಸಿದರೆ ಹತ್ತಿರದ ಚಾಪ್ಟರಿನವರು, ಅಂದರೆ ಸಂಘದ ಸ್ಥಳೀಯ ಶಾಖೆಯವರು, ಸಂಪರ್ಕಿಸುತ್ತಾರೆ. ಅಲ್ಲಿನ ರಿಜಿಸ್ಟ್ರಾರ್ ಕಾಗದ ನೋಡಿ ಅರ್ಜಿ ತುಂಬಲು ನೆರವಾಗುತ್ತಾರೆ. ಇಬ್ಬರು ಸದಸ್ಯರು ಶಿಫಾರಸು ಮಾಡಬೇಕು. ಅಲ್ಲಿಂದ ಕೇಂದ್ರದ ವಂಶಾವಳಿ ತಜ್ಞರ ಮೇಜಿಗೆ. ಸಾಕ್ಷಿ ಸಾಲದಿದ್ದರೆ ಪತ್ರ ಬರುತ್ತದೆ, ಅದು ತಿರಸ್ಕಾರವಲ್ಲ, ಕೇಳಿದ್ದನ್ನು ಮಾತ್ರ ಚುಟುಕಾಗಿ ಕಳಿಸಿ. ಕೇಳದ ಐವತ್ತು ಹಾಳೆ ತುರುಕಿದರೆ ಇನ್ನಷ್ಟು ತಡ. ರಿಜಿಸ್ಟ್ರಾರ್ ಚುರುಕಾಗಿದ್ದರೆ ಕೆಲಸ ಸರಾಗ, ಇಲ್ಲದಿದ್ದರೆ ಕಡತ ಅವರ ಮನೆಯ ಕಪಾಟಿನಲ್ಲೇ ಕೂರುತ್ತದೆ. ಚಾಪ್ಟರ್ ಆರಿಸುವಾಗ ಮನೆಗೆ ಹತ್ತಿರ ಯಾವುದು ಎಂಬುದಕ್ಕಿಂತ ಇದನ್ನು ನೋಡಿ. ಪಕ್ಕದ ಊರಿನ ಚಾಪ್ಟರ್ ಸೇರಲು ಅಡ್ಡಿಯಿಲ್ಲ.

ಖರ್ಚು ಮೂರು ಪದರ: ಕೇಂದ್ರ, ರಾಜ್ಯ, ಚಾಪ್ಟರ್ ಮೂರಕ್ಕೂ ವಾರ್ಷಿಕ ಚಂದಾ, ಮೊದಲ ಸಲ ಅರ್ಜಿ ಶುಲ್ಕ ಬೇರೆ. ಚಾಪ್ಟರಿನ ಪಾಲು ಊರಿಂದೂರಿಗೆ ಬದಲಾಗುವುದರಿಂದ ‘ವರ್ಷಕ್ಕೆ ಒಟ್ಟು ಎಷ್ಟು’ ಎಂದೇ ಕೇಳಿ. ಸಭೆಗೆ ಹೋದಾಗಿನ ಊಟ, ದೇಣಿಗೆ, ಬ್ಯಾಡ್ಜು ಇದರ ಹೊರಗೆ. ಬ್ಯಾಡ್ಜಿನ ಮೇಲಿರುವುದು ನೂಲುವ ರಾಟೆ, ಖಾದಿ ಭಂಡಾರ ನೋಡಿ ಬೆಳೆದವರಿಗೆ ನಗು ಬರಬಹುದು. ಪೂರ್ವಜರೊಬ್ಬೊಬ್ಬರಿಗೂ ಒಂದೊಂದು ಪಟ್ಟಿ, ಹುದ್ದೆಗೊಂದು ಪಿನ್ನು ಎಂದು ಎದೆಯ ತುಂಬ ಸಿಕ್ಕಿಸಿಕೊಳ್ಳುವ ಚಾಳಿ ಹತ್ತಿದರೆ ಚಂದಾಕ್ಕಿಂತ ಅದೇ ದುಬಾರಿ.

ಸೇರಿದ ಮೇಲೆ ಸಿಗುವುದು ಏನು? ತಿಂಗಳ ಸಭೆ, ಬಾವುಟಕ್ಕೆ ಪ್ರತಿಜ್ಞೆ, ಪ್ರಾರ್ಥನೆ, ಇತಿಹಾಸದ ಒಂದು ಭಾಷಣ. ಪ್ರಾರ್ಥನೆ ಕ್ರೈಸ್ತ ಧಾಟಿಯದು. ಮುಜುಗರ ಆಗುತ್ತದೆಯೇ ಎಂದು ಮೊದಲೇ ಯೋಚಿಸಿ. ಸಮಾಧಿ ಗುರುತಿಸುವುದು, ವಿದ್ಯಾರ್ಥಿವೇತನ, ಮಾಜಿ ಸೈನಿಕರ ಸೇವೆ ನಡೆಯುತ್ತಿರುತ್ತವೆ. ಪೌರತ್ವದ ಪ್ರಮಾಣವಚನದ ದಿನ ಬಾಗಿಲಲ್ಲಿ ನಿಂತು ಚಿಕ್ಕ ಬಾವುಟ ಕೊಡುವ ಹಿರಿಯ ಹೆಂಗಸರು ಎಷ್ಟೋ ಕಡೆ ಇವರೇ. ಈ ಕೆಲಸಗಳಲ್ಲಿ ಮನಸ್ಸಿಲ್ಲದವರು ಬರಿಯ ಪ್ರಮಾಣಪತ್ರಕ್ಕಾಗಿ ವರ್ಷ ವರ್ಷ ಚಂದಾ ಕಟ್ಟುವುದು ನಷ್ಟದ ಬಾಬತ್ತು.

ಕಂದು ಬಣ್ಣದ ಮನೆಯವರು ಕೇಳಲೇಬೇಕಾದ ಪ್ರಶ್ನೆಯೂ ಇದೆ: ಅಲ್ಲಿ ನಮ್ಮ ಬಣ್ಣ ಅಡ್ಡಿಯಾಗುತ್ತದೆಯೇ? 1939ರಲ್ಲಿ ಹಾಡುಗಾರ್ತಿ ಮರಿಯನ್ ಆಂಡರ್ಸನ್‌ಗೆ ಕಪ್ಪು ಬಣ್ಣದವರೆಂಬ ಕಾರಣಕ್ಕೆ ಡಿಎಆರ್ ತನ್ನ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಡಲಿಲ್ಲ. ಅದನ್ನು ಪ್ರತಿಭಟಿಸಿ ಆಗಿನ ಅಧ್ಯಕ್ಷರ ಪತ್ನಿ ಎಲಿನರ್ ರೂಸ್ವೆಲ್ಟ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಆಂಡರ್ಸನ್ ಹಾಡಿದಾಗ ಸುಮಾರು 75,000 ಜನ ಸೇರಿದ್ದರು. 1977ರಲ್ಲಿ ಕ್ಯಾರೆನ್ ಬ್ಯಾಚಲರ್ ಸೇರಿದಾಗ ಕಪ್ಪು ಬಣ್ಣದ ಹೆಂಗಸೊಬ್ಬರು ಸದಸ್ಯರಾದದ್ದೇ ದೇಶದ ಸುದ್ದಿ. 1984ರಲ್ಲಿ ಲೀನಾ ಫರ್ಗುಸನ್ ಅವರಿಗೆ ವಾಷಿಂಗ್ಟನ್ನಿನ ಚಾಪ್ಟರುಗಳು ಬಾಗಿಲು ತೆರೆಯದ ಪ್ರಕರಣ ಪತ್ರಿಕೆಗೆ ಬಂದ ಮೇಲೆ, ಬಣ್ಣ ನೋಡಿ ಯಾರನ್ನೂ ತಡೆಯಬಾರದೆಂದು ಸಂಘ ನಿಯಮ ಬಿಗಿ ಮಾಡಿತು. 2008ರಲ್ಲಿ ಯುದ್ಧಕ್ಕೆ ನೆರವಾದ ಕಪ್ಪು ಜನರ ಮತ್ತು ಮೂಲನಿವಾಸಿಗಳ 6,600ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ಸಂಘವೇ ಪ್ರಕಟಿಸಿತು; ಸಂಶೋಧನೆಯಾಗಿ ಅದು ಒಳ್ಳೆಯ ಕೆಲಸ. ಆದರೂ ಕೇಂದ್ರದ ನಿಯಮ ಬೇರೆ, ಚಾಪ್ಟರಿನ ಕೋಣೆಯ ಗಾಳಿ ಬೇರೆ. ಸಹಿ ಹಾಕುವ ಮುಂಚೆ ಅತಿಥಿಯಾಗಿ ಒಂದೆರಡು ಸಭೆಗೆ ಹೋಗಿ ಕುಳಿತು ಬನ್ನಿ. ಊಟದ ಮೇಜಿನಲ್ಲಿ ಯಾರು ಪಕ್ಕ ಬಂದು ಕೂರುತ್ತಾರೆ ನೋಡಿ.

ಹದಿನೆಂಟು ಆಗದ ಮಗಳಿದ್ದರೆ ಕಾಯಬೇಕಿಲ್ಲ. 1895ರಲ್ಲಿ ಶುರುವಾದ ಮಕ್ಕಳ ಸಂಘ, ಚಿಲ್ಡ್ರನ್ ಆಫ್ ದಿ ಅಮೆರಿಕನ್ ರೆವಲ್ಯೂಷನ್, 22 ತುಂಬುವವರೆಗೆ ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿಕೊಳ್ಳುತ್ತದೆ. ಅದಕ್ಕೆ ಜೋಡಿಸಿದ ಕಾಗದವೇ ಮುಂದೆ ಡಿಎಆರ್‌ಗೂ, ತಮ್ಮನ ಎಸ್ಎಆರ್ ಅರ್ಜಿಗೂ ಬರುತ್ತದೆ. ಆದ್ದರಿಂದ ಎಲ್ಲ ಪ್ರಮಾಣಪತ್ರವನ್ನೂ ಆರಂಭದಲ್ಲೇ ಎರಡೆರಡು ಪ್ರತಿ ತೆಗೆಸಿ, ಯಾವ ಕಚೇರಿಯಿಂದ, ಯಾವ ಪುಸ್ತಕದ ಎಷ್ಟನೇ ಪುಟದಿಂದ ಬಂದದ್ದು ಎಂದು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.